ಬಿಗ್ ರೂಮ್‌ನಿಂದ ಟೆಕ್ನೋಗೆ: ಅಭಿರುಚಿ ಬಲಿಯುತ್ತದೆಯೇ?

ಇದು ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿಸಿದ ತಾಳಗಳನ್ನು ಇಲ್ಲಿ ಅಂಕಿಗಳಲ್ಲಿ ಕೊಟ್ಟಿದೆ. ಬೆರಳಿನಿಂದ ಮೇಜು ತಟ್ಟಿಕೊಂಡು ಓದಿದರೆ ಅವು ಇಲ್ಲೂ ಕೇಳಿಸುತ್ತವೆ.

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಾನಿಕ್ ನೃತ್ಯಸಂಗೀತ ಕೇಳುವವರ ನಡುವೆ ಒಂದು ಮಾತು ಬಹಳ ಓಡಾಡುತ್ತದೆ. ಮೊದಲು ಎಲ್ಲರೂ ಫೆಸ್ಟಿವಲ್ ಇಡಿಎಂ (ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್) ಕೇಳುತ್ತಾರೆ, ಅಂದರೆ ಬಿಗ್ ರೂಮ್, ದೊಡ್ಡ ಉತ್ಸವಗಳ ಅಬ್ಬರದ ಸಂಗೀತ. ಆಮೇಲೆ ಟ್ರಾನ್ಸ್. ಸ್ವಲ್ಪ ಬಲಿತ ಮೇಲೆ ಹೌಸ್. ಪೂರ್ತಿ ಬಲಿತವರು ಟೆಕ್ನೋಗೆ ಬಂದು ನಿಲ್ಲುತ್ತಾರೆ, ಅದರಲ್ಲೂ ಸದ್ದುಗಳನ್ನು ಆದಷ್ಟು ಕಡಿಮೆ ಮಾಡಿದ ಮಿನಿಮಲ್ ಟೆಕ್ನೋಗೆ. ಸಿನಿಮಾ ಹಾಡಿನಿಂದ ಭಾವಗೀತೆಗೆ, ಅಲ್ಲಿಂದ ಶಾಸ್ತ್ರೀಯಕ್ಕೆ 'ಏರಬೇಕು' ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದೇ ಧಾಟಿ. ಈ ಮೆಟ್ಟಿಲು ಸುಳ್ಳು ಎಂದು ನಾವು ವಾದಿಸುತ್ತೇವೆ. ಆದರೆ ವರ್ಷಗಟ್ಟಲೆ ಕೇಳಿದವರಲ್ಲಿ ಏನೋ ಒಂದು ಬೆಳೆದಿರುತ್ತದೆ ಎನ್ನುವುದು ನಿಜ. ಅದೇನು ಎಂದು ಹಿಡಿಯಬೇಕಾದರೆ ಪ್ರಕಾರಗಳನ್ನು ಮೊದಲು ಬಿಚ್ಚಿ ನೋಡಬೇಕು.

ತಕಧಿಮಿಯ 16 ಮನೆಗಳು

1983ರಲ್ಲಿ ಬಂದ ರೋಲ್ಯಾಂಡ್ ಟಿಆರ್-909 ಡ್ರಮ್ ಮೆಷಿನ್‌ನ ಕೆಳ ಅಂಚಿನಲ್ಲಿ 16 ಗುಂಡಿಗಳ ಒಂದು ಸಾಲು ಇದೆ. ಒಂದು ಬಾರ್ ಎಂದರೆ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿಗೆ ನಾಲ್ಕು ಮನೆ. ತಾಳ ಹಾಕಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ: ಚತುರಶ್ರ ನಡೆಯಲ್ಲಿ ತಕಧಿಮಿ ನಾಲ್ಕು ಸಲ. ಗುಂಡಿ ಒತ್ತಿದ ಮನೆಯಲ್ಲಿ ಸದ್ದು, ಒತ್ತದ ಮನೆ ಖಾಲಿ. ನೃತ್ಯಸಂಗೀತದ ಹೆಚ್ಚಿನ ಪ್ರಕಾರಗಳ ಜಾತಕವನ್ನು ಈ 16 ಮನೆಗಳಲ್ಲೇ ಬರೆದಿಡಬಹುದು.

ಹೌಸ್ ತೆಗೆದುಕೊಳ್ಳಿ. ಕಿಕ್, ಅಂದರೆ ಎದೆಗೆ ಬಡಿಯುವ ದಪ್ಪ ಪೆಟ್ಟು, 1, 5, 9, 13ನೇ ಮನೆಗಳಲ್ಲಿ ಬೀಳುತ್ತದೆ, ನಾಲ್ಕೂ 'ತ'ಗಳ ಮೇಲೆ. ಚಪ್ಪಾಳೆಯ ಸದ್ದು 5 ಮತ್ತು 13ರಲ್ಲಿ. ತೆರೆದ ಹೈ-ಹ್ಯಾಟ್‌ನ (ಒಂದರ ಮೇಲೊಂದು ಕೂರುವ ಜೋಡಿ ಲೋಹದ ತಟ್ಟೆಗಳು) 'ತ್ಸ್' ನಾಲ್ಕೂ 'ಧಿ'ಗಳ ಮೇಲೆ, ಅಂದರೆ 3, 7, 11, 15ರಲ್ಲಿ. ವೇಗ ನಿಮಿಷಕ್ಕೆ 118ರಿಂದ 128 ಪೆಟ್ಟು. ಷಿಕಾಗೋದಲ್ಲಿ 1977ರಲ್ಲಿ ಶುರುವಾದ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಡಿಸ್ಕೋ ರೆಕಾರ್ಡುಗಳನ್ನು ಒಂದಕ್ಕೊಂದು ಹೆಣೆದು ಜನರನ್ನು ಕುಣಿಸಿದರು. ಆ ಕ್ಲಬ್ಬಿನ ಹೆಸರಿನ ಬಾಲವೇ ಪ್ರಕಾರದ ಹೆಸರಾಯಿತು.

ಈಗ 5, 9, 13ರ ಕಿಕ್ ತೆಗೆದುಬಿಡಿ. 1ರದ್ದು ಇರಲಿ, 11ರಲ್ಲಿ ಹೊಸದೊಂದನ್ನು ಇಡಿ. ಚಪ್ಪಾಳೆಯಿದ್ದ 5 ಮತ್ತು 13ರಲ್ಲಿ ಸ್ನೇರ್, ಅಂದರೆ ಚಟ್ಟೆನ್ನುವ ಚುರುಕು ಡ್ರಮ್, ಹಾಕಿ. ಮೂರನೇ 'ತ'ಗೆ ಬೀಳಬೇಕಿದ್ದ ಕಿಕ್ ಎರಡು ಮನೆ ತಡವಾಗಿ 'ಧಿ'ಗೆ ಬೀಳುತ್ತದೆ, ಮೈ ಅಲ್ಲೊಂದು ಸಣ್ಣ ಮುಗ್ಗರಿಕೆ ಅನುಭವಿಸುತ್ತದೆ. ಇದೇ ನಮೂನೆಯನ್ನು 174ರ ವೇಗದಲ್ಲಿ ಓಡಿಸಿದರೆ ಡ್ರಮ್ ಅಂಡ್ ಬೇಸ್. 130ಕ್ಕೆ ಇಳಿಸಿ, ಸಮಸಂಖ್ಯೆಯ ಮನೆಗಳನ್ನು ಕೊಂಚ ಹಿಂದಕ್ಕೆಳೆದರೆ, ಅಂದರೆ ತಡವಾಗಿಸಿದರೆ, ಲಂಡನ್ನಿನ ಟೂ-ಸ್ಟೆಪ್ ಗರಾಜ್. ಒಂದು ಕೇಳುವವರಿಗೆ ಇನ್ನೊಂದು ಹಿಡಿಸದಿರುವುದು ಉಂಟು. ಇಬ್ಬರೂ ಕೇಳುತ್ತಿರುವುದು ಅದೇ ಎರಡು ಕಿಕ್, ಅದೇ ಎರಡು ಸ್ನೇರ್!

ಹಿಂದಕ್ಕೆಳೆಯುವುದಕ್ಕೆ ಸ್ವಿಂಗ್ ಎನ್ನುತ್ತಾರೆ. ಲೆಕ್ಕ ನೋಡಿ. 130ರ ವೇಗದಲ್ಲಿ ಒಂದು ಮನೆಯ ಅವಧಿ 115 ಮಿಲಿಸೆಕೆಂಡ್. ಎರಡು ಮನೆಗಳ ಒಟ್ಟು ಅವಧಿಯಲ್ಲಿ ಮೊದಲನೆಯದರ ಪಾಲೇ ಸ್ವಿಂಗ್‌ನ ಅಂಕಿ: ಅದು 50 ಶೇಕಡಾ ಇದ್ದರೆ ಮನೆಗಳೆಲ್ಲ ಸಮ. 58 ಇಟ್ಟರೆ ಪ್ರತಿ ಎರಡನೇ ಮನೆ ಸುಮಾರು 18 ಮಿಲಿಸೆಕೆಂಡ್ ತಡವಾಗುತ್ತದೆ. ಇಷ್ಟೇ ವ್ಯತ್ಯಾಸಕ್ಕೆ ಸೊಂಟ ಅಲುಗುತ್ತದೆ. ಹೊಸಬರು ಉತ್ಸಾಹದಲ್ಲಿ 66ಕ್ಕೆ ಏರಿಸಿಬಿಡುತ್ತಾರೆ. ಅಲ್ಲಿಗೆ ನಡೆ ಬಹುತೇಕ ತಿಶ್ರವಾಗುತ್ತದೆ, 'ತಕಿಟ ತಕಿಟ' ಎಂದು ಕುಂಟತೊಡಗುತ್ತದೆ. 50ರಲ್ಲೇ ಬಿಟ್ಟರೆ ಗರಾಜ್ ಕವಾಯತಿನಂತೆ ಕೇಳುತ್ತದೆ.

ಇನ್ನೂ ಖಾಲಿ ಮಾಡಿ: ಕಿಕ್ 1ರಲ್ಲಿ, ಸ್ನೇರ್ 9ರಲ್ಲಿ, ವೇಗ 140. ಕಾಲು ಮಾತ್ರ 70ಕ್ಕೆ ತಾಳ ಹಾಕುತ್ತದೆ. ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಓಡುವ ಹೈ-ಹ್ಯಾಟ್‌ನ ಕೆಳಗೆ ಒಂದನೇ ಕಾಲದಲ್ಲಿ ನಡೆಯುವ ಪೆಟ್ಟು. ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಸುತ್ತಮುತ್ತ 2000ರ ದಶಕದ ಆರಂಭದಲ್ಲಿ ರೂಪುಗೊಂಡ ಡಬ್‌ಸ್ಟೆಪ್ ಇದು. ಖಾಲಿ ಬಿಟ್ಟ ಜಾಗವನ್ನೆಲ್ಲ 40ರಿಂದ 60 ಹರ್ಟ್ಸ್‌ನ ಬೇಸ್, ಅಂದರೆ ತೀರಾ ತಗ್ಗಿನ ಸ್ವರ, ತುಂಬುತ್ತದೆ. ಫೋನಿನ ಸ್ಪೀಕರ್ 200 ಹರ್ಟ್ಸ್‌ನ ಕೆಳಗೆ ಏನನ್ನೂ ಸರಿಯಾಗಿ ಕೊಡುವುದಿಲ್ಲ. ಹಾಗಾಗಿ ಫೋನಿನಲ್ಲಿ ಡಬ್‌ಸ್ಟೆಪ್ ಕೇಳಿದವರು ಆ ಸಂಗೀತದ ಅರ್ಧವನ್ನು ಕೇಳಿಯೇ ಇಲ್ಲ. ಅವರು 'ಇದರಲ್ಲೇನಿದೆ' ಎಂದರೆ ಅವರ ತಪ್ಪೇನಿಲ್ಲ.

ನಮ್ಮ ನೆರೆಯ ಗೋವಾದ್ದು ಬೇರೆಯೇ ಕಥೆ. ಅಂಜುಣಾ ಕಡಲತೀರದ ಕೂಟಗಳಲ್ಲಿ 1990ರ ದಶಕದ ಮೊದಲಲ್ಲಿ ಬೆಳೆದ ಗೋವಾ ಟ್ರಾನ್ಸ್, ಅದರ ಮುಂದಿನ ರೂಪವಾದ ಸೈಟ್ರಾನ್ಸ್, ಎರಡೂ 140ರಿಂದ 150ರ ವೇಗದವು. ಅಲ್ಲಿನ ಸೆಕೆಗೆ ವಿನೈಲ್ ರೆಕಾರ್ಡು ಬಾಗುತ್ತಿತ್ತು. ಡಿಜೆಗಳು ಡ್ಯಾಟ್ (ಡಿಜಿಟಲ್ ಆಡಿಯೋ ಟೇಪ್) ಟೇಪಿಗೆ ಹೋದರು. ಡ್ಯಾಟ್ ಯಂತ್ರದಲ್ಲಿ ವೇಗ ಹೊಂದಿಸಿ ಎರಡು ಟ್ರ್ಯಾಕ್‌ಗಳ ಪೆಟ್ಟು ಕೂಡಿಸುವ ಸೌಕರ್ಯವಿರಲಿಲ್ಲ. ಹಾಗಾಗಿ ಟ್ರ್ಯಾಕಿನ ತಲೆ-ಬಾಲಗಳಲ್ಲಿ ಪೆಟ್ಟೇ ಇಲ್ಲದ ಉದ್ದನೆಯ ತೇಲುವ ಸ್ವರಗಳನ್ನಿಟ್ಟರು, ಒಂದರ ಬಾಲದ ಮೇಲೆ ಇನ್ನೊಂದರ ತಲೆ ಕೂರುವಂತೆ. ಇವತ್ತಿಗೂ ಕೇಳುಗರು 'ಧ್ಯಾನದಂಥ ಆರಂಭ' ಎಂದು ಮೆಚ್ಚುವ ಭಾಗಕ್ಕೆ ಒಂದು ಟೇಪ್ ಯಂತ್ರದ ಮಿತಿಯೂ ಕಾರಣ.

ಸೈಟ್ರಾನ್ಸ್‌ನ ಬೇಸ್ ಅಂತೂ ತಕಧಿಮಿಗೆಂದೇ ಹುಟ್ಟಿದಂತಿದೆ: 'ತ' ಕಿಕ್, 'ಕ-ಧಿ-ಮಿ' ಮೂರೂ ಬೇಸ್. 145ರಲ್ಲಿ ಒಂದು ಮನೆ 103 ಮಿಲಿಸೆಕೆಂಡ್. ಕಿಕ್‌ನ ಬಾಲ ಅದಕ್ಕಿಂತ ಉದ್ದವಾದರೆ 'ಕ'ದ ಬೇಸ್ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಮಾಡುವವರು ಎಡವುವುದು ಇಲ್ಲೇ. ಬೇಸ್ ದುರ್ಬಲವಾಗಿದೆ ಅಂದುಕೊಂಡು ಅದರ ಸದ್ದು ಏರಿಸುತ್ತಾರೆ, ಕಲಸು ಇನ್ನೂ ಹೆಚ್ಚುತ್ತದೆ. ಮಾಡಬೇಕಾದದ್ದು ಕಿಕ್‌ನ ಬಾಲವನ್ನು 90–95 ಮಿಲಿಸೆಕೆಂಡಿಗೆ ಕತ್ತರಿಸುವುದು.

ಎಷ್ಟು ಹೊತ್ತಿನ ಕಿವಿ?

ಟೆಕ್ನೋವನ್ನು ಬೇಕೆಂದೇ ಕೊನೆಗಿಟ್ಟೆವು. ಏಕೆಂದರೆ 16 ಮನೆಗಳಲ್ಲಿ ಅದು ಹೌಸ್‌ಗಿಂತ ಹೆಚ್ಚೇನೂ ಬೇರೆಯಲ್ಲ. ಡೆಟ್ರಾಯಿಟ್‌ನ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಕಟ್ಟಿದ ಈ ಸಂಗೀತದಲ್ಲೂ ಕಿಕ್ ನಾಲ್ಕೂ 'ತ'ಗಳ ಮೇಲೇ ಇದೆ. ವ್ಯತ್ಯಾಸ ತಿಳಿಯಬೇಕಾದರೆ ಕಣ್ಣನ್ನು ಒಂದು ಬಾರ್‌ನಿಂದ ಎತ್ತಿ ಇಡೀ ಟ್ರ್ಯಾಕಿನ ಮೇಲೆ ಇಡಬೇಕು.

128ರ ವೇಗದಲ್ಲಿ ಲೆಕ್ಕ ಸಲೀಸು. ಒಂದು ಬಾರ್ 1.875 ಸೆಕೆಂಡ್. 8 ಬಾರ್ ಎಂದರೆ 15 ಸೆಕೆಂಡ್, 32 ಬಾರ್ ಎಂದರೆ ಸರಿಯಾಗಿ ಒಂದು ನಿಮಿಷ. ಬಿಗ್ ರೂಮ್ ಟ್ರ್ಯಾಕು 8 ಅಥವಾ 16 ಬಾರ್‌ನಲ್ಲಿ ಆಸೆ ಹುಟ್ಟಿಸಿ ಮರುಕ್ಷಣ ಡ್ರಾಪ್‌ನಲ್ಲಿ, ಅಂದರೆ ತಡೆದಿಟ್ಟ ಕಿಕ್-ಬೇಸ್ ಒಟ್ಟಿಗೆ ಬಂದು ಬೀಳುವಲ್ಲಿ, ತೀರಿಸುತ್ತದೆ. ಕಾದದ್ದು 15ರಿಂದ 30 ಸೆಕೆಂಡ್. ಟ್ರಾನ್ಸ್‌ನಲ್ಲಿ ಕಿಕ್ ಪೂರ್ತಿ ನಿಂತು ರಾಗ ಬಿಚ್ಚಿಕೊಳ್ಳುವ ಬ್ರೇಕ್‌ಡೌನ್ ಒಂದೆರಡು ನಿಮಿಷ ಹಿಡಿಯುತ್ತದೆ. 1996ರ ರೋಲ್ಯಾಂಡ್ ಜೆಪಿ-8000 ಸಿಂಥ್‌ನಲ್ಲಿ ಬಂದ ಸೂಪರ್‌ಸಾ ಸ್ವರ, ಅಂದರೆ ಶ್ರುತಿಯಲ್ಲಿ ಕೂದಲೆಳೆಯಷ್ಟು ಸರಿದ ಏಳು ತರಂಗಗಳ ಒಗ್ಗೂಡಿಕೆ, ಆ ಕಾಯುವಿಕೆಯನ್ನು ಭರಿಸುವಂತೆ ಮಾಡುತ್ತದೆ. ಟೆಕ್ನೋದಲ್ಲಿ ಒಂದು ಫಿಲ್ಟರನ್ನು, ಅಂದರೆ ಸದ್ದಿನ ಒಂದು ಪಾಲನ್ನು ತಡೆದಿಡುವ ಜರಡಿಯನ್ನು, 64 ಬಾರ್‌ಗಳುದ್ದಕ್ಕೂ ಕೂದಲು ಕೂದಲಾಗಿ ತೆರೆಯುತ್ತಾರೆ. 130ರಲ್ಲಿ ಅದು ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ 'ಏನೂ ಆಗಿಲ್ಲ', ಆದರೆ ಕೊನೆಯಲ್ಲಿ ನೀವು ನಿಂತಿರುವ ಜಾಗವೇ ಬೇರೆಯಾಗಿರುತ್ತದೆ. ಡಿಜೆ ಎರಡು ಟ್ರ್ಯಾಕ್‌ಗಳನ್ನು ಹೆಣೆಯುವುದೂ ಸೇರಿದರೆ ಟೆಕ್ನೋದ ಒಂದು ವಾಕ್ಯ ಮುಗಿಯಲು ಹತ್ತು ನಿಮಿಷ ಬೇಕು.

ಕೇಳುಗರಲ್ಲಿ ಬೆಳೆಯುವುದು ಏನು ಎಂಬುದಕ್ಕೆ ನಮ್ಮ ಉತ್ತರ ಇಲ್ಲಿದೆ. ಪಲ್ಲವಿ-ಚರಣಗಳ ಮೂರೂವರೆ ನಿಮಿಷದ ಹಾಡಿಗೆ ಒಗ್ಗಿದ ಕಿವಿ 15 ಸೆಕೆಂಡಿನ ಬದಲಾವಣೆಯನ್ನು ಹಿಡಿಯುತ್ತದೆ, ಎರಡು ನಿಮಿಷದ್ದನ್ನು ಹಿಡಿಯುವುದಿಲ್ಲ. ಕೇಳುತ್ತ ಹೋದಂತೆ ಆ ಅಳತೆಗೋಲು ಉದ್ದವಾಗುತ್ತದೆ. ತಂಬೂರಿಯ ನಾದದಲ್ಲಿ ಮೊದಲು ಒಂದೇ ಸದ್ದು, ಆಮೇಲೆ ಅದರೊಳಗಿನ ಗಾಂಧಾರ ಕೇಳತೊಡಗುವುದೂ ಇಂಥದೇ ಬೆಳವಣಿಗೆ. ಉದ್ದ ಕೋಲು ಇರುವವರು ಚಿಕ್ಕದನ್ನೂ ಅಳೆಯಬಲ್ಲರು. ಅದಕ್ಕೇ ನಿಜವಾಗಿ ಕೇಳಿ ಪಳಗಿದವರು ಹಳೆಯ ಪ್ರಕಾರವನ್ನು ಬೈಯುವುದು ಕಡಿಮೆ. ಟೆಕ್ನೋಗೆ ಬಂದ ದಿನವೇ ಟ್ರಾನ್ಸ್‌ಗೆ ಮೂಗು ಮುರಿಯುವವರು ಗುಂಪು ಬದಲಿಸಿದ್ದಾರೆ ಅಷ್ಟೆ, ಅವರ ಕಿವಿ ಅಲ್ಲೇ ಇದೆ.

ಅಳತೆಗೋಲು ಉದ್ದವಾಗಲು ಅವಕಾಶವೂ ಬೇಕು. ಕರಾವಳಿಯವರಿಗೆ ಕಾಲಮಿತಿ ಯಕ್ಷಗಾನ ಗೊತ್ತು. ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸಿದಾಗ ಕಥೆ ಉಳಿಯುತ್ತದೆ. ಆದರೆ ಭಾಗವತರು ಒಂದು ಪದ್ಯದ ಮೇಲೆ ನಿಂತು ಕಟ್ಟುತ್ತಿದ್ದ ವಾತಾವರಣ ಸೊರಗುತ್ತದೆ. ನೃತ್ಯಸಂಗೀತದ ಕಾಲಮಿತಿಗೆ ರೇಡಿಯೋ ಎಡಿಟ್ ಎನ್ನುತ್ತಾರೆ. ಆರರಿಂದ ಎಂಟು ನಿಮಿಷದ ಎಕ್ಸ್‌ಟೆಂಡೆಡ್ ಮಿಕ್ಸ್‌ನ ತಲೆ-ಬಾಲ ಕತ್ತರಿಸಿ ಮೂರು ನಿಮಿಷ ಉಳಿಸಿಕೊಂಡದ್ದು. ಬಿಗ್ ರೂಮ್‌ಗೆ ಈ ಕತ್ತರಿಯಿಂದ ದೊಡ್ಡ ನಷ್ಟವಿಲ್ಲ, ಡ್ರಾಪ್ ಉಳಿದರೆ ಸಾಕು. ಟೆಕ್ನೋಗೆ ಕತ್ತರಿ ಹಾಕಿದರೆ ಉಳಿಯುವುದು ಬರೀ ಕಿಕ್.

ಊರಿನ ಕಾನೂನು ಕೂಡ ಅಭಿರುಚಿಯನ್ನು ತಿದ್ದುತ್ತದೆ. ಬರ್ಲಿನ್ನಿನಲ್ಲಿ ಕ್ಲಬ್ ಮುಚ್ಚುವ ಹೊತ್ತಿನ ನಿರ್ಬಂಧವನ್ನು ನಗರದ ಪಶ್ಚಿಮ ಭಾಗ 1949ರಲ್ಲೇ ಕೈಬಿಟ್ಟಿತು. ಅಲ್ಲಿನ ಬರ್ಗ್‌ಹೈನ್ ಕ್ಲಬ್ಬಿನಲ್ಲಿ ಶನಿವಾರ ರಾತ್ರಿ ಶುರುವಾದದ್ದು ಸೋಮವಾರ ಬೆಳಗಿನವರೆಗೆ ನಡೆಯುತ್ತದೆ. 2024ರಲ್ಲಿ ಬರ್ಲಿನ್ ಟೆಕ್ನೋ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೂ ಸೇರಿತು. ನಮ್ಮಲ್ಲಿ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಬೆಂಗಳೂರಿನ ಪಬ್ಬುಗಳು 1 ಗಂಟೆಗೆ ಬಾಗಿಲು ಹಾಕಬೇಕು. ಜನ ಬಂದು ಸೇರುವುದು 10ಕ್ಕೆ ಎಂದರೆ ಡಿಜೆಗೆ ಸಿಗುವುದು ಮೂರು ಗಂಟೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ನಿಧಾನಕ್ಕೆ ಕಟ್ಟುವ ಧೈರ್ಯ ಯಾರಿಗೆ ಬರುತ್ತದೆ? ಬೆಂಗಳೂರಿಗರಿಗೆ ಡ್ರಾಪ್ ಬಿಟ್ಟರೆ ಬೇರೇನೂ ಬೇಡ ಎಂದು ತೀರ್ಪು ಕೊಡುವ ಮುಂಚೆ ಇದನ್ನು ಎಣಿಸಬೇಕು.

ಒಂದು ರೆಕಾರ್ಡು, ಎರಡು ತೀರ್ಪು

ಅಭಿರುಚಿ ಅನ್ನುವುದು ಸಂಗೀತದಲ್ಲಿ ಎಷ್ಟಿದೆ, ಕೇಳುವವರ ಹಿಂದಿನ ಕೇಳ್ಮೆಯಲ್ಲಿ ಎಷ್ಟಿದೆ ಎಂದು ತೂಗಿ ನೋಡಲು ಭಾರತದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಭೈರವ, ಲಲಿತ್, ಯಮನ್, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ಪೆಟ್ಟಿನ ಮೇಲೆ ನುಡಿಸಿ ಒಂದು ಎಲ್‌ಪಿ ತಂದರು. ಬಳಸಿದ್ದು ರೋಲ್ಯಾಂಡ್‌ನ ಮೂರು ಯಂತ್ರ: ಟಿಆರ್-808, ಜ್ಯುಪಿಟರ್-8, ಟಿಬಿ-303.

ಈ 303 ಒಂದು ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆ. ಗಿಟಾರ್ ನುಡಿಸುವವರು ಒಬ್ಬರೇ ಅಭ್ಯಾಸ ಮಾಡುವಾಗ ಬೇಸ್ ಗಿಟಾರಿನ ಜೊತೆ ಕೊಡಲಿ ಎಂದು ತಯಾರಿಸಿದ್ದರು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಆದರೆ ಅದರಲ್ಲಿ ಒಂದು ಮನೆಯ ಸ್ವರದಿಂದ ಮುಂದಿನ ಮನೆಯ ಸ್ವರಕ್ಕೆ ಜಾರುವ ಸ್ಲೈಡ್ ಇತ್ತು. ಸ್ವರದಿಂದ ಸ್ವರಕ್ಕೆ ಜಾರುವ ಹಿಂದೂಸ್ತಾನಿ ಮೀಂಡ್ ಹುಡುಕುತ್ತಿದ್ದವರಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು! ಸಿಂಗ್ ಅವರ ರೆಕಾರ್ಡು ಆಗ ಮಾರಾಟವಾಗಲಿಲ್ಲ. ಐದು ವರ್ಷದ ನಂತರ, 1987ರಲ್ಲಿ, ಷಿಕಾಗೋದ ಫ್ಯೂಚರ್ ಎಂಬ ತಂಡ ಅದೇ 303ರ ಕಟ್‌ಆಫ್ ಮತ್ತು ರೆಸೊನೆನ್ಸ್ ಎಂಬ ಫಿಲ್ಟರ್ ತಿರುಪುಗಳನ್ನು ಕೈಯಿಂದ ತಿರುಗಿಸುತ್ತ ಮಾಡಿದ ರೆಕಾರ್ಡಿನಿಂದ ಆಸಿಡ್ ಹೌಸ್‌ಗೆ ಹೆಸರು ಬಂತು. 2010ರಲ್ಲಿ ಸಿಂಗ್ ಅವರ ಎಲ್‌ಪಿ ಮರುಬಿಡುಗಡೆಯಾದಾಗ ಜಗತ್ತಿನ ನೃತ್ಯಸಂಗೀತ ಪ್ರಿಯರು ಬೆರಗಾದರು. ರೆಕಾರ್ಡಿನ ಒಂದು ಸ್ವರವೂ ಬದಲಾಗಿರಲಿಲ್ಲ. ನಡುವಿನ 28 ವರ್ಷದಲ್ಲಿ ಆ ಕಿರ್ರೆನ್ನುವ ಜಾರುಸ್ವರ ಕಿವಿಗಳಿಗೆ ಪರಿಚಯವಾಗಿತ್ತು.

ಪರಿಚಯದಿಂದಲೇ ಇಷ್ಟ ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. 1970ರ ದಶಕದಲ್ಲಿ ಡೇನಿಯಲ್ ಬರ್ಲೈನ್ ಅದಕ್ಕೊಂದು ತಿದ್ದುಪಡಿ ಸೇರಿಸಿದರು: ತೀರಾ ಸರಳವಾದದ್ದು ಬೇಸರ ತರುತ್ತದೆ, ತೀರಾ ಜಟಿಲವಾದದ್ದು ಕಿರಿಕಿರಿ, ಇಷ್ಟ ನಡುವೆ ಎಲ್ಲೋ ಇರುತ್ತದೆ. ಕುಣಿತದ ವಿಷಯದಲ್ಲಿ ಮಾರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಡ್ರಮ್ ತುಣುಕುಗಳನ್ನು ಕೇಳಿಸಿ ಇದನ್ನೇ ಕಂಡರು. ಪೆಟ್ಟು ನಿರೀಕ್ಷಿಸಿದ ಮನೆ ಬಿಟ್ಟು ಪಕ್ಕದಲ್ಲಿ ಬೀಳುವುದು ಮಧ್ಯಮ ಪ್ರಮಾಣದಲ್ಲಿದ್ದಾಗ ಕುಣಿಯುವ ಆಸೆ ಹೆಚ್ಚು. ನಾವು ಆಗಲೇ 11ನೇ ಮನೆಗೆ ಸರಿಸಿದ ಕಿಕ್ ಅಂಥದೇ.

ಇನ್ನು ವಯಸ್ಸು. ಹಾಲ್‌ಬ್ರೂಕ್ ಮತ್ತು ಷಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ತಾವು ಸುಮಾರು 23–24ರ ಹರೆಯದಲ್ಲಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನಾಧರಿಸಿ 2013ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಅಬ್ಬರದ ಸಂಗೀತದ ಒಲವು ವಯಸ್ಸಿನೊಂದಿಗೆ ಇಳಿಯುತ್ತದೆ. ಇದನ್ನು 'ಪಕ್ವತೆ' ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಾಂಕಗಳನ್ನು, ಹೈ-ಹ್ಯಾಟ್‌ನ ಮಿರುಗು ಇರುವುದು ಅಲ್ಲೇ. ನಿದ್ದೆಗೆಡುವುದು ಕಷ್ಟವಾಗುತ್ತದೆ, ಮನೆಯಲ್ಲಿ ಮಗು ಮಲಗಿರುತ್ತದೆ. ಹೀಗೆ ಬದಲಾದ ಬದುಕನ್ನು ಬಲಿತ ಅಭಿರುಚಿ ಎಂದು ಎಣಿಸಿದರೆ 23ರ ಹುಡುಗಿಯ ಪ್ರೀತಿಯನ್ನು ಸುಮ್ಮನೆ ಕಡಿಮೆ ಮಾಡಿದಂತಾಗುತ್ತದೆ.

10×10ರ ಕೋಣೆ

ಕೇಳುವುದನ್ನು ಅಭ್ಯಾಸ ಮಾಡಬಹುದು. ಮೊದಲು ಜಾಗ ಸರಿಮಾಡಿಕೊಳ್ಳಿ. ಬಾಡಿಗೆ ಮನೆಯ 10×10 ಅಡಿ ಕೋಣೆಯಲ್ಲಿ ಎರಡು ಗೋಡೆಗಳ ನಡುವಿನ ಮೂರು ಮೀಟರಿಗೆ ಸರಿಹೊಂದುವ ಮೊದಲ ಅನುರಣನೆ 56 ಹರ್ಟ್ಸ್‌ನದು. ಉದ್ದ-ಅಗಲ ಎರಡೂ ಒಂದೇ ಆದ್ದರಿಂದ ಅದು ದುಪ್ಪಟ್ಟಾಗಿ ಕಾಡುತ್ತದೆ. ಕಿಕ್‌ನ ಜೀವ ಇರುವುದೂ 50–60 ಹರ್ಟ್ಸ್‌ನಲ್ಲೇ. ಮೂಲೆಯಲ್ಲಿ ಕೂತರೆ ಅದು ಗುಂಯ್‌ಗುಡುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತದೆ. ಹಿಂಗೋಡೆಯಿಂದ ಮೂರೂವರೆ-ನಾಲ್ಕು ಅಡಿ ಮುಂದೆ ಕೂತು, ಸ್ಪೀಕರನ್ನು ಮೂಲೆಯಿಂದ ಈಚೆ ಎಳೆಯಿರಿ. ಇಷ್ಟೂ ಆಗದಿದ್ದರೆ ತಲೆಯ ಮೇಲೆ ಧರಿಸುವ ಹೆಡ್‌ಫೋನ್ ಸಾಕು. ಮೈಗೆ ತಾಗುವ ಬೇಸ್ ಮಾತ್ರ ಅದರಲ್ಲಿ ಸಿಗುವುದಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಎಲೆಕ್ಟ್ರಾನಿಕ್ ಕಛೇರಿಯಲ್ಲಿ ಅತಿ ಕೆಳಗಿನ ಕಂಪನಾಂಕದ ಸ್ಪೀಕರುಗಳನ್ನು ಆಗಾಗ ಹಾಕಿ ತೆಗೆದು ನೋಡಿ 2022ರಲ್ಲಿ ವರದಿ ಮಾಡಿದ್ದಾರೆ: ಹಾಕಿದಾಗ ಜನರ ಚಲನೆ 11.8 ಶೇಕಡಾ ಹೆಚ್ಚಾಯಿತು. ಅವು ಚಾಲೂ ಇವೆಯೋ ಇಲ್ಲವೋ ಎಂದು ಕೇಳಿ ಗುರುತಿಸುವಂತಿರಲಿಲ್ಲ.

ಎರಡು ಪ್ರಕಾರ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಿರುವುದೂ 'ಚೆನ್ನಾಗಿದೆ' ಅನ್ನಿಸಿಬಿಡುತ್ತದೆ. ಆ್ಯಪ್‌ನಲ್ಲಿ ಮಟ್ಟ ಸರಿದೂಗಿಸುವ ಸೌಲಭ್ಯವಿದ್ದರೆ ಚಾಲೂ ಮಾಡಿ. ಎಕ್ಸ್‌ಟೆಂಡೆಡ್ ಮಿಕ್ಸ್‌ಗಳನ್ನೇ ಆರಿಸಿ. ವಾರಕ್ಕೊಂದು ಪ್ರಕಾರ, ಅದರ ಒಂದು ಗಂಟೆಯ ಒಂದೇ ಸೆಟ್ (ಡಿಜೆ ಬಿಡುವಿಲ್ಲದೆ ಹೆಣೆದ ಟ್ರ್ಯಾಕುಗಳ ಸಾಲು), ಮೂರು ಸಲ. ಮೊದಲ ಸಲ ಕಿಕ್ ಮಾತ್ರ ಹಿಂಬಾಲಿಸಿ: ಕಿಕ್ ನಾಲ್ಕೂ 'ತ'ಗಳ ಮೇಲೆ ಬೀಳುವ ಪ್ರಕಾರವಾದರೆ 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ವೇಗ ಸಿಗುತ್ತದೆ. ಎರಡನೇ ಸಲ ಬೆರಳಲ್ಲಿ ಬಾರ್ ಎಣಿಸಿ, ಹೊಸದೊಂದು ಸದ್ದು ಎಷ್ಟನೇ ಬಾರ್‌ಗೆ ಬಂತು ಎಂದು ಗುರುತು ಮಾಡಿ. ಬಹುತೇಕ 8, 16, 32ರ ಅಂಚಿನಲ್ಲೇ ಬರುತ್ತದೆ. ಮೂರನೇ ಸಲ ಡಿಜೆ ಬೇಸ್ ಬದಲಿಸುವ ಗಳಿಗೆ ಹಿಡಿಯಿರಿ. ಎರಡು ಟ್ರ್ಯಾಕ್‌ಗಳ ಬೇಸ್ ಒಟ್ಟಿಗಿದ್ದರೆ ರಾಡಿಯಾಗುತ್ತದೆ. ಒಳ್ಳೆಯ ಡಿಜೆ ಹಳೆಯದರ ಬೇಸ್ ತಿರುಪನ್ನು ಇಳಿಸಿದ ಕ್ಷಣವೇ ಹೊಸದರದ್ದನ್ನು ಏರಿಸುತ್ತಾರೆ.

ಕ್ಲಬ್ಬಿಗೆ ಹೋಗುವವರು ಕಿವಿಬಿರಡೆ ಇಟ್ಟುಕೊಳ್ಳಿ. ಕೆಲಸದ ಜಾಗಗಳಿಗೆಂದು ಅಮೆರಿಕದ ನಿಯೋಶ್ ಸಂಸ್ಥೆ ಹಾಕಿದ ಲೆಕ್ಕದಂತೆ 85 ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆಯ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧ. 100ಕ್ಕೆ ಬರುವ ಹೊತ್ತಿಗೆ 15 ನಿಮಿಷ ಉಳಿದಿರುತ್ತದೆ. ಸಂಗೀತಕ್ಕೆಂದೇ ಮಾಡಿದ ಬಿರಡೆ ಎಲ್ಲ ಕಂಪನಾಂಕಗಳನ್ನೂ ಹೆಚ್ಚುಕಡಿಮೆ ಸಮವಾಗಿ 15–20 ಡೆಸಿಬೆಲ್ ಇಳಿಸುತ್ತದೆ. ಸ್ಪಂಜಿನದು ಮೇಲಿನವನ್ನೇ ಹೆಚ್ಚು ನುಂಗಿ ಹೈ-ಹ್ಯಾಟನ್ನು ಮಂಕಾಗಿಸುತ್ತದೆ.

ಇಷ್ಟು ಮಾಡಿ ಎರಡು ತಿಂಗಳಾದ ಮೇಲೆ, ಮೊದಲು ಪ್ರೀತಿಸಿದ ಬಿಗ್ ರೂಮ್ ಟ್ರ್ಯಾಕನ್ನು ಮತ್ತೆ ಹಾಕಿ. ಡ್ರಾಪ್‌ಗೆ ಮುಂಚಿನ 16 ಬಾರ್ ಕೇಳಿ. ಸ್ನೇರ್ ಮೊದಲು ಪೆಟ್ಟಿಗೊಂದು, ಆಮೇಲೆ ಎರಡು, ಆಮೇಲೆ ನಾಲ್ಕು, ಕೊನೆಗೆ ಎಂಟು. ಹಿಂದುಗಡೆ ಜಲಪಾತದಂಥ ಬಿಳಿ ಸದ್ದು ಏರುತ್ತಿರುತ್ತದೆ, ಅದರಡಿಯಲ್ಲಿ ಬೇಸ್ ಸದ್ದಿಲ್ಲದೆ ಜಾಗ ಖಾಲಿ ಮಾಡಿರುತ್ತದೆ. ಕೊನೆಯ ಬಾರ್‌ನ ನಾಲ್ಕನೇ ಪೆಟ್ಟಿನಲ್ಲಿ ಎಲ್ಲವೂ ನಿಂತ ಜಾಗ ಸಿಕ್ಕಿತೇ ನೋಡಿ. 128ರ ವೇಗದಲ್ಲಿ ಅದು 469 ಮಿಲಿಸೆಕೆಂಡ್.